ಕೇರಿಯ ಗೋಡೆ ಯಾಕೆ ಆರುವುದಿಲ್ಲ?

(ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹರೂಪ)



ಭೂಮಿಯ ಬಗ್ಗೆ, ಮೀಸಲಾತಿಯ ಬಗ್ಗೆ ಮಾತಾಡ್ರಿ ಅಂತ ನಮಗೆ ಹೇಳಿದ್ದರು. ಅದನ್ನು ಮಾತಾಡುವವರು ಬಹಳ ಮಂದಿ ಇದ್ದಾರೆ. ನಾವು ಇವತ್ತು ಗೋಡೆಯ ಬಗ್ಗೆ ಮಾತಾಡುತ್ತೇವೆ. ನಗಬ್ಯಾಡ್ರಿ. ಸೂಟಿಗೆ ಊರಿಗೆ ಹೋದಾಗ ನೀವು ಬೆನ್ನು ಹಚ್ಚಿ ಕೂಡುವ ಗೋಡೆ. ನಿಮ್ಮವ್ವ ದೀಪಾವಳಿಗೆ ಸುಣ್ಣ ಬಳಿದರೆ ಸಂಕ್ರಾಂತಿಯೊಳಗೆ ಪದರು ಪದರಾಗಿ ಎದ್ದು ಬೀಳುವ ಗೋಡೆ. ಟ್ರಂಕು ಸರಿಸಿದರೆ ಹಿಂದೆ ಕರೀ ಚುಕ್ಕೆ ಚುಕ್ಕೆಯಾಗಿ ಬೂಷ್ಟು ಕಾಣುವ ಗೋಡೆ. ಒಂದು ವರ್ಷ ಒರೆಸಿದರೆ ಮರುವರ್ಷ ಅದೇ ಮೂಲೆಯಲ್ಲಿ ಮತ್ತೆ ಬರುತ್ತದೆ.

ಈ ಗೋಡೆಯನ್ನು ನೋಡಿ ಊರವರು ಅನ್ನುವ ಮಾತು ನಿಮಗೆಲ್ಲ ಗೊತ್ತು. "ಅವರ ಮನಿ ಹಂಗರೀ, ಸ್ವಚ್ಛ ಇಡಂಗಿಲ್ಲ." ಊರವರು ಅಂದರೆ ನಮಗೆ ಸಿಟ್ಟು ಬರುತ್ತದೆ. ಆದರೆ ಹಾಸ್ಟೆಲ್ಲಿನಲ್ಲಿ ನಾಕು ವರ್ಷ ಇದ್ದು, ಟೈಲ್ಸ್ ನೆಲ ನೋಡಿ ಬಂದ ನಮ್ಮ ಹುಡುಗರೇ ಅವ್ವನಿಗೆ ಇದೇ ಮಾತು ಅನ್ನುವುದನ್ನು ಕೇಳಿದ್ದೇವೆ. ಅದು ಸಿಟ್ಟಿಗಿಂತ ಹೆಚ್ಚು ನೋವಿನದು. ದಿನಾ ಬೆಳಿಗ್ಗೆ ಎದ್ದು ನೆಲ ಸಾರಿಸುವವಳು ಅವಳು. ಗೋಡೆಗೆ ನೀರು ಕುಡಿಸುವವಳು ಅವಳಲ್ಲ. ಹಾಗಾದರೆ ಯಾರು ಕುಡಿಸುತ್ತಾರೆ?

ಮಲೆನಾಡಿನ ಮನೆಗೆ ಬೂಷ್ಟು ಹಿಡಿದರೆ ಅರ್ಥವಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಹೆಚ್ಚು ಮಳೆ. ನಮ್ಮ ಬಾಗಲಕೋಟೆ ಜಿಲ್ಲೆಯ ಸರಾಸರಿ ಮಳೆ 600 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಬರದ ಸೀಮೆ ನಮ್ಮದು. ಏಪ್ರಿಲ್ ಬಿಸಿಲಿಗೆ ಹೊಲದ ಎರೆಮಣ್ಣು ಕಾಲು ಸಿಗುವಷ್ಟು ಬಿರುಕು ಬಿಡುತ್ತದೆ. ಇಂಥ ಒಣನಾಡಿನಲ್ಲಿ ಗೋಡೆ ಹಸಿ ಇದೆ ಅಂದರೆ ಆ ನೀರು ನಮ್ಮ ಆಕಾಶದಿಂದ ಬಂದದ್ದಲ್ಲ. ಎಲ್ಲಿಂದಲೋ ಯಾರೋ ತಂದದ್ದು, ಅಥವಾ ಯಾರೋ ಬಿಟ್ಟದ್ದು.

ಮೊದಲು ನದಿ. ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ, ಘಟಪ್ರಭೆಯೂ ಸಹ್ಯಾದ್ರಿಯಲ್ಲಿ. 2019ರ ಆಗಸ್ಟಿನಲ್ಲಿ ಮಳೆ ಹೆಚ್ಚು ಬಿದ್ದದ್ದು ಅಲ್ಲಿ, ಮುಳುಗಿದ್ದು ಇಲ್ಲಿ. 2021ರ ಜುಲೈನಲ್ಲಿ ಮತ್ತೆ ಹಾಗೇ ಆಯಿತು. ಹೊಳೆ ಏರಿದಾಗ ಮೊದಲು ಮುಳುಗುವ ಮನೆ ಯಾವುದು? ಊರು ಕಟ್ಟುವಾಗ ಎತ್ತರದ ದಿನ್ನೆ ವಾಡೆಗೆ ಹೋಯಿತು, ಗುಡಿಗೆ ಹೋಯಿತು. ಹಳ್ಳದ ದಂಡೆ, ಊರ ಗಟಾರವೆಲ್ಲ ಹರಿದು ಬಂದು ನಿಲ್ಲುವ ತಗ್ಗು ನಮಗೆ ಬಂತು. ಎಲ್ಲ ಊರಲ್ಲೂ ಹೀಗೇ ಅಂತ ನಾವು ಹೇಳುವುದಿಲ್ಲ. ನಿಮ್ಮೂರಿಗೆ ಹೋದಾಗ ಅಗಸಿ ಬಾಗಿಲಲ್ಲಿ ನಿಂತು ಒಂದು ಕೊಡ ನೀರು ಚೆಲ್ಲಿ ನೋಡ್ರಿ, ಅದು ಯಾವ ಓಣಿಯ ಕಡೆ ಹರಿಯುತ್ತದೆ ಅಂತ.

ಎರಡನೆಯದು ಕಾಲುವೆ. ಘಟಪ್ರಭಾ ಎಡದಂಡೆ ಕಾಲುವೆ ಮುಧೋಳ, ಜಮಖಂಡಿ ಸೀಮೆಗೆ ನೀರು ತಂತು. ಹೊಳೆಯ ಮೇಲೆ ಬ್ಯಾರೇಜುಗಳು ಆದವು, ಪಂಪ್‌ಸೆಟ್ ಬಂದವು, ಕಬ್ಬು ಬಂತು, ಸಕ್ಕರೆ ಕಾರ್ಖಾನೆ ಬಂದವು. ನೀರು ಬಂದದ್ದು ಕೆಟ್ಟದ್ದು ಅಂತ ನಾವು ಅನ್ನುವುದಿಲ್ಲ. ಆ ಕಬ್ಬು ಕಡಿದೇ ನಮ್ಮ ಎಷ್ಟೋ ಮನೆಯ ಒಲೆ ಹತ್ತುತ್ತದೆ. ಆದರೆ ಎರೆಮಣ್ಣು ನೀರನ್ನು ಬೇಗ ಬಿಡುವ ಮಣ್ಣಲ್ಲ. ಹಿಂಡದ ಅರಿವೆಯ ಹಾಗೆ ಹಿಡಿದುಕೊಂಡು ಕೂಡುತ್ತದೆ. ವರ್ಷವಿಡೀ ಕಬ್ಬಿಗೆ ನೀರು ಬಿಟ್ಟು, ಹೊರಗೆ ಹೋಗಲು ಬಸಿಗಾಲುವೆ ತೆಗೆಯದೇ ಇದ್ದರೆ ನೆಲದೊಳಗಿನ ನೀರು ಮೇಲೇರುತ್ತದೆ, ಜತೆಗೆ ಉಪ್ಪನ್ನೂ ತರುತ್ತದೆ. ಇದನ್ನೇ ಸವಳು-ಜವಳು ಅನ್ನುತ್ತಾರೆ. ಹೊಲ ಸವಳಾದರೆ ಹೊಲದ ಮಾಲೀಕ ಕೂಗುತ್ತಾನೆ, ಅಧಿಕಾರಿ ಬರುತ್ತಾನೆ, ಯೋಜನೆ ಆಗುತ್ತದೆ. ಅದೇ ನೀರು ಹೊಲದ ಬದುವಿನಾಚೆ ನಮ್ಮ ಗೋಡೆಯ ಬುಡಕ್ಕೂ ಬಂದಿರುತ್ತದೆ. ಅದನ್ನು ಮಾತ್ರ 'ಸ್ವಚ್ಛ ಇಡಂಗಿಲ್ಲ' ಅನ್ನುತ್ತಾರೆ.

ಬೀಳಗಿ ಕಡೆಯವರಿಗೆ ಮೂರನೆಯದೂ ಒಂದುಂಟು. ಆಲಮಟ್ಟಿಯ ಹಿನ್ನೀರು 519.60 ಮೀಟರಿಗೆ ನಿಲ್ಲುತ್ತದೆ. ಮುಳುಗಡೆ ಅಂತ ಗೆರೆ ಎಳೆದವರು ಆ ಮೀಟರನ್ನು ನೋಡಿ ಎಳೆಯುತ್ತಾರೆ. ನೆಲದೊಳಗಿನ ತೇವ ಗೆರೆ ನೋಡಿ ನಿಲ್ಲುತ್ತದೆಯೇ? ಗೆರೆಯ ಈಚೆ ಇರುವ ಮನೆ ದಾಖಲೆಯಲ್ಲಿ ಒಣಗಿದ್ದು, ನಿಜದಲ್ಲಿ ಹಸಿಯಿದ್ದು. 2010ರಲ್ಲಿ ನ್ಯಾಯಮಂಡಳಿ 524.256 ಮೀಟರಿಗೆ ಏರಿಸಲು ಒಪ್ಪಿದೆ. 2025ರಲ್ಲಿ ಸರ್ಕಾರ ಮುಳುಗುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಅಂತ ನಿರ್ಧರಿಸಿತು. ಅದು ಎಕರೆಯ ಲೆಕ್ಕ. ಎಕರೆ ಇಲ್ಲದವನ, ಮನೆಯೊಂದೇ ಇದ್ದವನ ಹಸಿ ಗೋಡೆಯ ಲೆಕ್ಕವನ್ನು ಈಗಿನಿಂದಲೇ ಕೇಳುವವರು ನೀವು ಆಗಬೇಕು.

ಇನ್ನು ಗೋಡೆಯೊಳಗೆ ಏನಾಗುತ್ತದೆ ನೋಡೋಣ. ವಿಜ್ಞಾನ ಓದುವ ಹುಡುಗರಿಗೆ ಇದು ಗೊತ್ತಿರಬೇಕು, ಪರೀಕ್ಷೆಯಲ್ಲಿ ಬರೆದಿರುತ್ತೀರಿ, ಮನೆಗೆ ಹಚ್ಚಿ ನೋಡಿರುವುದಿಲ್ಲ. ಕಂದೀಲಿನ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಮಣ್ಣಿನ, ಇಟ್ಟಂಗಿಯ ಸಣ್ಣ ರಂಧ್ರಗಳಲ್ಲಿ ನೀರು ಏರುತ್ತದೆ. ಸಾಮಾನ್ಯವಾಗಿ ಮೂರಡಿಯ ಆಸುಪಾಸು ಏರಿ, ಅಲ್ಲಿ ಗಾಳಿಗೆ ಆರುತ್ತದೆ. ನೀರು ಹಾರಿಹೋಗುತ್ತದೆ, ಉಪ್ಪು ಉಳಿಯುತ್ತದೆ. ಉಪ್ಪು ಹರಳುಗಟ್ಟಿ ಹಿಗ್ಗಿದಾಗ ಮೇಲಿನ ಸುಣ್ಣವನ್ನು ಒಳಗಿನಿಂದ ನೂಕುತ್ತದೆ. ಬಿಳಿ ಪುಡಿ ಉದುರುವುದು ಅದೇ. ಅದು ಬೂಷ್ಟಲ್ಲ. ಬೂಷ್ಟು ಜೀವ ಇರುವಂಥದ್ದು, ಅಣಬೆಯ ಬಳಗ. ಅದರ ಬೀಜ ಎಲ್ಲ ಗಾಳಿಯಲ್ಲೂ ಇರುತ್ತದೆ, ಗೌಡರ ಮನೆಯಲ್ಲೂ ಇರುತ್ತದೆ. ಆದರೆ ಅದು ಮೊಳೆಯುವುದು ಗೋಡೆ ಹಸಿಯಿದ್ದು ಗಾಳಿ ಆಡದಿದ್ದಾಗ ಮಾತ್ರ.

ಹಸಿ ಯಾವ ದಾರಿಯಿಂದ ಬಂತು ಅಂತ ತಿಳಿಯಲು ದುಡ್ಡು ಬೇಡ. ಬುಡದಿಂದ ಮೂರಡಿವರೆಗೆ ಪಟ್ಟಿ ಹೊಡೆದ ಹಾಗೆ ಇದ್ದರೆ ನೆಲದ ನೀರು. ಮಾಳಿಗೆಯ ತೊಲೆ ಗೋಡೆಗೆ ಕೂಡುವಲ್ಲಿ, ಮಳೆಯಾದ ಮೇಲೆ ಕಂಡರೆ ಮೇಲ್ಮುದ್ದೆ ಒಡೆದಿದೆ. ಅನುಮಾನ ಇದ್ದರೆ ಗೇಣುದ್ದದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಬಿಗಿಯಾಗಿ ಅಂಟಿಸಿ ಒಂದೆರಡು ದಿನ ಬಿಡ್ರಿ. ಹಾಳೆಯ ಹಿಂದೆ, ಗೋಡೆಯ ಕಡೆ, ಬೆವರು ಕಂಡರೆ ನೀರು ಗೋಡೆಯಿಂದ ಬರುತ್ತಿದೆ. ಮುಂದೆ, ಕೋಣೆಯ ಕಡೆ, ಕಂಡರೆ ಅದು ಕೋಣೆಯ ಗಾಳಿಯಲ್ಲಿನ ಆವಿ.

ಆ ಆವಿಯ ವಿಷಯ ಒಂದು ಮಾತು. ಹಳೆಯ ಮಣ್ಣಿನ ಮಾಳಿಗೆಗೆ ಬೆಳಕಿಂಡಿ ಇತ್ತು. ಒಲೆಯ ಹೊಗೆ, ಅನ್ನದ ಆವಿ ಅಲ್ಲಿಂದ ಹೋಗುತ್ತಿತ್ತು. ಈಗ ತಗಡು ಬಂತು, ಗ್ಯಾಸ್ ಬಂತು, ಹೊಗೆ ಇಲ್ಲವಲ್ಲ ಅಂತ ಕಿಂಡಿ ಮುಚ್ಚಿದೆವು. ಗ್ಯಾಸ್ ಉರಿದಾಗಲೂ ನೀರಿನ ಆವಿ ಹುಟ್ಟುತ್ತದೆ. ಅದು ರಾತ್ರಿ ತಣ್ಣಗಾದ ತಗಡಿಗೆ ಹತ್ತಿ, ಹನಿಯಾಗಿ ಹಾಸಿಗೆ ಮೇಲೆ ಬೀಳುತ್ತದೆ. ಕಿಂಡಿ ತೆರೆಯಿರಿ. ಮಳೆ ಬಾರದ ಹಾಗೆ ಮೇಲೆ ಒಂದು ಚೂರು ತಗಡು ಓರೆಯಾಗಿ ಕೂಡಿಸಿದರೆ ಸಾಕು.

ರಬಕವಿ-ಬನಹಟ್ಟಿಯ ನೇಕಾರ ಗೆಳೆಯರು ಇಲ್ಲಿ ನಗುತ್ತಿರಬಹುದು. ಅವರಿಗೆ ತೇವ ಬೇಕು. ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗದಲ್ಲಿ ನೆಲದ ತಂಪು ಇದ್ದರೆ ಹತ್ತಿಯ ನೂಲು ಕಡಿಮೆ ಹರಿಯುತ್ತದೆ. ಆದರೆ ನೂಲಿಗೆ ಹಿತವಾದ ತೇವದಲ್ಲೇ ನೇಯುವವನು ಉಣ್ಣುತ್ತಾನೆ, ಮಲಗುತ್ತಾನೆ, ಅವನ ಕೂಸು ಮಲಗುತ್ತದೆ. ದುಡಿಯುವ ಜಾಗವೇ ಮನೆಯಾದವರ ಪಾಡು ಇದು. ಮಗ್ಗ ಒಂದು ಕಡೆ, ಮಲಗುವುದು ಇನ್ನೊಂದು ಕಡೆ ಆಗುವಷ್ಟು ಜಾಗ ಅವರಿಗೂ ಬೇಕು. ಇದರಲ್ಲಿ ಅವರೂ ನಾವೂ ಬೇರೆ ಅಲ್ಲ.

ಗೌಂಡಿಯನ್ನು ಕೇಳಿದರೆ "ಸಿಮೆಂಟ್ ಪ್ಲಾಸ್ಟರ್ ಹೊಡದ ಬಿಡ್ರಿ, ಮುಗೀತು" ಅನ್ನುತ್ತಾನೆ. ಮಣ್ಣಿನ ಗೋಡೆಗೆ ಇದು ಬ್ಯಾಡವೇ ಬ್ಯಾಡ. ಸಿಮೆಂಟು ಗೋಡೆಯ ಉಸಿರು ಕಟ್ಟುತ್ತದೆ. ಮೂರಡಿಯಲ್ಲಿ ಆರುತ್ತಿದ್ದ ನೀರು ದಾರಿ ಸಿಗದೆ ಐದಡಿಗೆ ಏರುತ್ತದೆ. ಒಳಗೆ ಮಣ್ಣು ಕೆಸರಾಗಿ, ಪ್ಲಾಸ್ಟರಿನ ಚಿಪ್ಪು ಮಾತ್ರ ನಿಂತಿರುತ್ತದೆ. ಆಯಿಲ್ ಪೇಂಟೂ ಹಾಗೇ. ಸಾಲ ಮಾಡಿ ರೋಗ ಕೊಂಡಂತೆ. ಸುಣ್ಣ ಒಳ್ಳೆಯದು. ಸುಣ್ಣದ ಕ್ಷಾರದಲ್ಲಿ ಬೂಷ್ಟು ಬೆಳೆಯಲಾರದು, ಗೋಡೆಯೂ ಆರುತ್ತದೆ. ನಮ್ಮ ಲೋಕಾಪುರದ ಕಡೆ ಸುಣ್ಣದ ಕಲ್ಲೇ ನೆಲವಾಗಿದೆ. ನಮ್ಮ ಅವ್ವಂದಿರು ವರ್ಷಾ ವರ್ಷಾ ಸುಣ್ಣ ಬಳಿದದ್ದು ತಿಳಿವಳಿಕೆಯಿಂದಲೇ. ಆದರೆ ಬುಡದ ನೀರು ನಿಲ್ಲದೆ ಸುಣ್ಣವೊಂದೇ ಏನು ಮಾಡೀತು?

ಬೂಷ್ಟು ತೆಗೆಯುವಾಗ ಒಣಗಿದ್ದನ್ನು ಕಸಬರಿಗೆಯಿಂದ ಹೊಡೆಯಬೇಡಿ, ಬೀಜ ಮನೆಯೆಲ್ಲ ಹಾರುತ್ತದೆ. ಮೂಗಿಗೆ ಅರಿವೆ ಕಟ್ಟಿಕೊಂಡು ಸಾಬೂನು ನೀರಲ್ಲಿ ಒರೆಸಿ, ಒರೆಸಿದ ಅರಿವೆ ಹೊರಗೆ ಒಗೆಯಿರಿ. ಬ್ಲೀಚಿಂಗ್ ಪೌಡರನ್ನು ಸಂಡಾಸು ತೊಳೆಯುವ ಆಸಿಡ್ ಜತೆ ಎಂದೂ ಕೂಡಿಸಬೇಡಿ. ಕ್ಲೋರಿನ್ ಗಾಳಿ ಎದ್ದು ಜೀವಕ್ಕೇ ಕುತ್ತು. ಬೂಷ್ಟು ಹಿಡಿದ ಶೇಂಗಾ, ಜೋಳ, ಗೋವಿನಜೋಳ ತೊಳೆದು ತಿನ್ನೋಣ ಅನ್ನಬೇಡಿ. 1995ರಲ್ಲಿ ದಖನ್ನಿನ ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳ, ಗೋವಿನಜೋಳ ತಿಂದು ಜನ ಹೊಟ್ಟೆನೋವು, ಭೇದಿಯಿಂದ ಬಿದ್ದರು. ತಿಂದವರು ಬಡ ಮನೆಗಳವರು. ಒಳ್ಳೆ ಕಾಳು ಇದ್ದವರು ಅದನ್ನು ತಿನ್ನಲಿಲ್ಲ.

ದಮ್ಮು, ಕೆಮ್ಮಿಗೂ ಹಸಿ ಮನೆಗೂ ನಂಟಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಒಂದು ಪುಸ್ತಕ ಮಾಡಿ ಹೇಳಿದೆ. ಇಂಗ್ಲೆಂಡಿನ ಒಂದು ಸಂಗತಿಯನ್ನು ನೀವು ತಿಳಿಯಬೇಕು. ರಾಚ್‌ಡೇಲ್ ಎಂಬ ಊರಲ್ಲಿ ಸುಡಾನಿನಿಂದ ಬಂದ ಒಂದು ಕುಟುಂಬ ಬಡವರಿಗಾಗಿ ಕೊಟ್ಟ ಬಾಡಿಗೆ ಮನೆಯಲ್ಲಿ ಇತ್ತು. ಗೋಡೆ ತುಂಬ ಬೂಷ್ಟು. ತಂದೆ 2017ರಿಂದ ದೂರು ಕೊಟ್ಟ. ಮೇಲೆ ಬಣ್ಣ ಬಳಿ ಅಂದರು. ನಿಮ್ಮ ಸ್ನಾನದ ರೀತಿ, ಅಡಿಗೆಯ ರೀತಿ ಸರಿಯಿಲ್ಲ ಅಂದುಕೊಂಡರು. 2020ರ ಡಿಸೆಂಬರಿನಲ್ಲಿ ಅವ್ವಾಬ್ ಇಶಾಕ್ ಎಂಬ ಎರಡು ವರ್ಷದ ಕೂಸು ಸತ್ತಿತು. ಆ ಬೂಷ್ಟೇ ಕಾರಣ ಅಂತ 2022ರ ನವೆಂಬರಿನಲ್ಲಿ ಸಾವಿನ ವಿಚಾರಣೆ ನಡೆಸಿದ ಅಧಿಕಾರಿ ತೀರ್ಪು ಕೊಟ್ಟರು. ತಾಯಿತಂದೆ ಸುಮ್ಮನೆ ಕೂಡಲಿಲ್ಲ. 2023ರಲ್ಲಿ ಆ ಕೂಸಿನ ಹೆಸರಲ್ಲೇ ಕರೆಯುವ ಕಾಯಿದೆ ಆಯಿತು. 2025ರ ಅಕ್ಟೋಬರಿನಿಂದ ಅಲ್ಲಿ ಇಂಥ ಮನೆಗಳನ್ನು ಕೊಟ್ಟ ಸಂಸ್ಥೆಗಳು ಗೊತ್ತಾದ ದಿನಗಳೊಳಗೆ ಬಂದು ನೋಡಿ ರಿಪೇರಿ ಮಾಡಲೇಬೇಕು. ಸಮುದ್ರದಾಚೆ ಕರಿಯ ಮನುಷ್ಯನಿಗೆ ಅಂದದ್ದೂ ಊರಾಚೆ ನಮಗೆ ಅಂದದ್ದೂ ಒಂದೇ ಮಾತು ನೋಡ್ರಿ: ತಪ್ಪು ಗೋಡೆಯದಲ್ಲ, ನಿನ್ನದು.

ನಮ್ಮಲ್ಲಿ ಅಂಥ ಕಾಯಿದೆ ಇಲ್ಲ. ನಮ್ಮಲ್ಲಿ ಇರುವುದು ಪಂಚನಾಮೆ. 2019ರ ಮಹಾಪೂರದಲ್ಲಿ ತಕ್ಷಣಕ್ಕೆ 10,000 ರೂಪಾಯಿ ಕೊಟ್ಟರು. ಪೂರ್ತಿ ಬಿದ್ದ ಮನೆ 'ಎ', ಅದಕ್ಕೆ 5 ಲಕ್ಷ. ಸ್ವಲ್ಪ ಕೆಟ್ಟದ್ದು 'ಸಿ', ಅದಕ್ಕೆ 50,000. ಶೇಕಡಾ 15ಕ್ಕಿಂತ ಕಡಿಮೆ ಹಾನಿಯಾದರೆ ಲೆಕ್ಕಕ್ಕೇ ಇಲ್ಲ. ವಾರಗಟ್ಟಲೆ ನೀರು ಕುಡಿದ ಮಣ್ಣಿನ ಗೋಡೆ ಅಳತೆ ಮಾಡಲು ಬಂದ ದಿನ ನಿಂತೇ ಇರುತ್ತದೆ. ಅದು ಕುಸಿಯುವುದು ಆಮೇಲೆ, ಆರುವಾಗ. ಬಿದ್ದ ಗೋಡೆಗೆ ಕಾಲಂ ಉಂಟು, ಹಸಿ ಗೋಡೆಗೆ ಕಾಲಂ ಇಲ್ಲ.

ಆದ್ದರಿಂದ ಬರೆಯುವ ಕೆಲಸ ನಿಮ್ಮದು. ನೀವು ಅಕ್ಷರ ಕಲಿತವರು. ಈ ಸೂಟಿಯಲ್ಲಿ ನಿಮ್ಮ ಕೇರಿಯ ಒಂದೊಂದು ಮನೆಗೂ ಹೋಗಿ, ಹಸಿ ಎಷ್ಟು ಅಡಿ ಏರಿದೆ, ಯಾವ ತಿಂಗಳು ಹೆಚ್ಚು, ಹೊಳೆ ಬಂದಾಗ ನೀರು ಎಲ್ಲಿಗೆ ಮುಟ್ಟಿತ್ತು, ಮನೆಯಲ್ಲಿ ದಮ್ಮು ಯಾರಿಗಿದೆ, ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೊಬೈಲಿನಲ್ಲಿ ತಾರೀಖು ಬರುವ ಹಾಗೆ ಫೋಟೋ ತೆಗೆಯಿರಿ. ಅವ್ವನ ಮುಂದೆ ಮೂಗು ಮುಚ್ಚಿಕೊಂಡು ಮಾತ್ರ ನಿಲ್ಲಬೇಡಿ.

ರಸ್ತೆಯನ್ನೂ ಅಳೆಯಿರಿ. ಕೇರಿಗೆ ಸಿ.ಸಿ. ರಸ್ತೆ ಮಾಡುವಾಗ ಹಳೆಯದನ್ನು ಅಗೆಯದೆ ಮೇಲೆ ಮೇಲೆ ಹಾಕುತ್ತಾರೆ. ಒಂದೊಂದು ಸಲಕ್ಕೂ ರಸ್ತೆ ಅರ್ಧ ಅಡಿ ಏರುತ್ತದೆ, ಮನೆ ಅಷ್ಟೇ ಇಳಿಯುತ್ತದೆ. ಹೊಸ್ತಿಲಿಗಿಂತ ರಸ್ತೆ ಎತ್ತರವಾದ ದಿನ ಊರ ನೀರೆಲ್ಲ ಒಳಗೆ. ನಮಗೆಂದೇ ಬಂದ ದುಡ್ಡಿನಲ್ಲಿ ನಮ್ಮ ಮನೆ ಮುಳುಗಿಸುವ ಕೆಲಸ ಇದು. 2013ರ ಕಾಯಿದೆಯಂತೆ ಪರಿಶಿಷ್ಟರ ಉಪಯೋಜನೆಯ ಹಣ ಉಂಟು. ಅದರಲ್ಲಿ ಮೊದಲು ಗಟಾರ, ಆಮೇಲೆ ರಸ್ತೆ, ಅದೂ ಅಗೆದು ಹಾಕಬೇಕು ಅಂತ ವಾರ್ಡ್ ಸಭೆಯಲ್ಲಿ ಕೇಳಿ, ನಡಾವಳಿಯಲ್ಲಿ ಬರೆಸಿ, ಪ್ರತಿ ತಗೊಳ್ರಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕ್ರಿ.

ಹೊಸ ಮನೆ ಮಂಜೂರಾದವರು, ಅಂಬೇಡ್ಕರ್ ನಿವಾಸ್ ಯೋಜನೆಯಲ್ಲಿ ಆಗಲಿ ಇನ್ನೊಂದರಲ್ಲಿ ಆಗಲಿ, ಬುನಾದಿಯನ್ನು ರಸ್ತೆಗಿಂತ ಎರಡಡಿಯಾದರೂ ಎತ್ತರಿಸ್ರಿ. ಬುನಾದಿ ಮುಗಿದು ಗೋಡೆ ಏಳುವ ಮೊದಲು ನೀರು ತಡೆಯುವ ಪುಡಿ ಕೂಡಿಸಿದ ಒಂದೂವರೆ ಇಂಚು ಗಟ್ಟಿ ಕಾಂಕ್ರೀಟು, ಅದರ ಮೇಲೆ ಡಾಂಬರು ಬಳಿಸ್ರಿ. ಗುತ್ತಿಗೆದಾರ ಉಳಿಸುವುದು ಇದನ್ನೇ. ಒಮ್ಮೆ ಗೋಡೆ ಎದ್ದ ಮೇಲೆ ಅದನ್ನು ಯಾರೂ ಒಳಗೆ ಹಾಕಲಾರರು. ಆ ದಿನ ಮನೆಯಲ್ಲಿ ಒಬ್ಬರು ಓದಿದವರು ನಿಂತು ನೋಡಬೇಕು. ಕಾಲೇಜಿಗೆ ಒಂದು ದಿನ ರಜೆ ಹಾಕಿದರೂ ಅಡ್ಡಿಯಿಲ್ಲ.

ಕಡೆಗೆ ನಿಮ್ಮ ಕಾಗದಪತ್ರ. ಜಾತಿ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡು ಗೋಡೆಗೆ ಹತ್ತಿದ ಟ್ರಂಕಿನಲ್ಲಿ ಇಟ್ಟಿದ್ದರೆ ಇವತ್ತೇ ಫೋನ್ ಮಾಡಿ ತೆಗೆಸ್ರಿ. ಬೂಷ್ಟಿಗೆ ಕಾಗದ ಅಂದರೆ ಹಬ್ಬದೂಟ. ಟ್ರಂಕನ್ನು ಎರಡು ಇಟ್ಟಂಗಿಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಬೇಕು. ಪತ್ರಗಳನ್ನು ಬಿಸಿಲಿಗೆ ಆರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಕು. ಹಸಿಯಿದ್ದಾಗಲೇ ಕಟ್ಟಿದರೆ ಒಳಗೇ ಕೊಳೆಯುತ್ತವೆ. ಅಸಲಿನ ನಕಲು ತೆಗೆದು ಒಂದು ಪ್ರತಿ ಹಾಸ್ಟೆಲ್ಲಿನಲ್ಲಿ ಇಡ್ರಿ. ನೋಟ್‌ಬುಕ್ಕು ತುಂಬಿದವರು ಮುಂದಿನ ಸಭೆಗೆ ತರ್ರಿ, ಎಲ್ಲ ಊರಿನದನ್ನೂ ಕೂಡಿಸಿ ಒಂದೇ ಅರ್ಜಿ ಬರೆಯೋಣ.