ರಸ್ತೆ ತಡೆಯ ಮುಂದೆ ನಿಂತ ಬಸ್ಸು

ಮೈಸೂರಿನಲ್ಲಿ ಕೆಲಸ ಮುಗಿಸಿ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಗೆ ಹೊರಟ ಬಸ್ಸುಗಳಲ್ಲಿ ಬಹುಪಾಲು ಶ್ರೀರಂಗಪಟ್ಟಣವನ್ನು ಹಾದೇ ಹೋಗಬೇಕು. ಕಾವೇರಿ ಗಲಾಟೆಯ ದಿನಗಳಲ್ಲಿ ಆ ಬಸ್ಸುಗಳು ಅಲ್ಲೇ ನಿಂತುಬಿಡುತ್ತವೆ. ‘ಯಾಕ್ ನಿಲ್ಸುದ್ರಣ್ಣ?’ ಎಂದು ಹಿಂದಿನ ಸೀಟಿನಿಂದ ಯಾರೋ ಕೇಳುತ್ತಾರೆ. ‘ರೈತ್ರು ಕುಂತವ್ರೆ’ ಎನ್ನುತ್ತಾರೆ ಕಂಡಕ್ಟರು. ಒಬ್ಬರು ಮನೆಗೆ ಫೋನು ಮಾಡಿ ತಡವಾಗುತ್ತದೆ ಎಂದು ಹೇಳುತ್ತಾರೆ. ಇನ್ನೊಬ್ಬರು ಗೊಣಗುತ್ತಾರೆ. ಕಿಟಕಿಯ ಆಚೆ ಹಸಿರು ಶಾಲು, ಅಡ್ಡ ನಿಲ್ಲಿಸಿದ ಎತ್ತಿನ ಗಾಡಿ, ಕೈಯಲ್ಲಿ ಖಾಲಿ ಕೊಡ ಹಿಡಿದ ಹೆಂಗಸರು.

ಬಸ್ಸಿನೊಳಗೆ ಕೂತವರೂ ರಸ್ತೆಯ ಮೇಲೆ ಕೂತವರೂ ಬೇರೆಬೇರೆ ಲೋಕದವರಲ್ಲ. ಮೈಸೂರಿನ ಕಾರ್ಖಾನೆಗೋ ಅಂಗಡಿಗೋ ದಿನವೂ ಹೋಗಿಬರುವ ಹುಡುಗನ ಅಪ್ಪ ಊರಿನಲ್ಲಿ ನಾಲೆಯ ನೀರಿಗೆ ಕಾದು ಕೂತಿರುತ್ತಾನೆ. ಆದರೂ ಆ ಅರ್ಧ ಗಂಟೆಯಲ್ಲಿ ಇಳಿದು ಹೋಗಿ, ‘ಏನು ಕೇಳ್ತಾ ಇದ್ದೀರಿ?’ ಎಂದು ವಿಚಾರಿಸುವವರು ಕಡಿಮೆ.

2016ರ ಸೆಪ್ಟೆಂಬರ್ 5, ಗಣೇಶನ ಹಬ್ಬದ ದಿನ. ತಮಿಳುನಾಡಿಗೆ ಹತ್ತು ದಿನ 15,000 ಕ್ಯೂಸೆಕ್‌ನಂತೆ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಸುದ್ದಿ ತಲುಪಿದ್ದೇ ತಡ, ಮಂಡ್ಯ ಜಿಲ್ಲೆಯಲ್ಲಿ ಜನ ಹೆದ್ದಾರಿಗೆ ಇಳಿದರು. ಮರುದಿನ ಮಂಡ್ಯ ಬಂದ್. ಕೃಷ್ಣರಾಜಸಾಗರದ ಸುತ್ತ ನಿಷೇಧಾಜ್ಞೆ ಬಂತು, ಅಲ್ಲಿನ ಬೃಂದಾವನ ಉದ್ಯಾನದ ಬಾಗಿಲು ಮುಚ್ಚಿತು. ಹಬ್ಬಕ್ಕೆಂದು ಊರಿಗೆ ಬಂದವರು, ಕೆಲಸಕ್ಕೆ ಹೊರಟವರು ಎಲ್ಲರೂ ದಾರಿಯಲ್ಲಿ ಸಿಕ್ಕಿಕೊಂಡರು.

15,000 ಕ್ಯೂಸೆಕ್ ಎಂದರೆ ಕಿವಿಗೆ ಬರೀ ಒಂದು ಅಂಕಿ. ಲೆಕ್ಕ ಹಾಕಿದರೆ ಅದರ ಭಾರ ತಿಳಿಯುತ್ತದೆ. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಅದು ಒಂದು ಕ್ಯೂಸೆಕ್. 15,000ದಂತೆ ಇಡೀ ದಿನ ಹರಿದರೆ ಸುಮಾರು 1.3 ಟಿಎಂಸಿ, ಅಂದರೆ 1.3 ಶತಕೋಟಿ ಘನ ಅಡಿ. ಹತ್ತು ದಿನಕ್ಕೆ 13 ಟಿಎಂಸಿ. ಕನ್ನಂಬಾಡಿ ಕಟ್ಟೆ, ಅಂದರೆ ಕೃಷ್ಣರಾಜಸಾಗರ, 124.80 ಅಡಿ ಪೂರ್ತಿ ತುಂಬಿದಾಗ ಹಿಡಿಯುವುದೇ 49.45 ಟಿಎಂಸಿ. ಹೋಗುವ ನೀರೆಲ್ಲ ಈ ಕಟ್ಟೆಯೊಂದರದ್ದೇ ಅಲ್ಲ, ಕಬಿನಿಯದೂ ಸೇರಿರುತ್ತದೆ, ನಿಜ. ಆದರೆ ಆ ವರ್ಷ ಮಳೆ ಕೈಕೊಟ್ಟು ಕಟ್ಟೆಯೇ ತುಂಬಿರಲಿಲ್ಲ. ವಿಶ್ವೇಶ್ವರಯ್ಯ ನಾಲೆ, ವಿರಿಜಾ ನಾಲೆ, ಚಿಕ್ಕದೇವರಾಯ ಸಾಗರ ನಾಲೆಗಳ ಅಚ್ಚುಕಟ್ಟಿನ ರೈತ ಕಟ್ಟು ಪದ್ಧತಿಯಲ್ಲಿ ತನ್ನ ಸರದಿಗೆ ಕಾಯುವವನು. ಇಷ್ಟು ದಿನ ನೀರು, ಇಷ್ಟು ದಿನ ಬಂದ್. ಒಂದು ಸರದಿ ತಪ್ಪಿದರೆ ಹೊಡೆ ಬಿಚ್ಚುವ ಹೊತ್ತಿನ ಭತ್ತ ಜೊಳ್ಳಾಗುತ್ತದೆ. ಈ ಲೆಕ್ಕ ಗೊತ್ತಿದ್ದವರಿಗೆ ರಸ್ತೆಯಲ್ಲಿ ಕೂತವರ ಸಿಟ್ಟು ಅರ್ಥವಾಗುತ್ತದೆ.

ಕೆ.ಆರ್. ಪೇಟೆ, ನಾಗಮಂಗಲದ ಕಥೆ ಇನ್ನೊಂದು ಬಗೆಯದು. ಹೇಮಾವತಿ ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಹರಿದು ಬಂದು ಕನ್ನಂಬಾಡಿಯ ಹಿನ್ನೀರು ಸೇರುತ್ತಾಳೆ. ನಾಗಮಂಗಲದ ಕಡೆಯಿಂದ ಇಳಿದು ಬರುವ ಲೋಕಪಾವನಿ ಕರಿಘಟ್ಟದ ಬಳಿ ಕಾವೇರಿಗೆ ಸೇರುತ್ತಾಳೆ. ಎರಡು ತಾಲ್ಲೂಕೂ ಹೊಳೆಗೆ ನೀರು ಕೊಡುತ್ತವೆ. ನಾಗಮಂಗಲದ ಬಹುಪಾಲು ಹೊಲಗಳು ಮಾತ್ರ ಇವತ್ತಿಗೂ ಮಳೆಯನ್ನೇ ನಂಬಿವೆ. ಅಲ್ಲಿ ಕೆರೆ ತುಂಬಿಸಿ, ಕುಡಿಯುವ ನೀರು ಕೊಡಿ ಎಂಬ ಕೂಗು. ಪಾಂಡವಪುರದಲ್ಲಿ ಕಬ್ಬಿನ ಬಾಕಿ, ಸಕ್ಕರೆ ಕಾರ್ಖಾನೆ, ಬೇಬಿ ಬೆಟ್ಟದ ಕಲ್ಲು ಗಣಿ. ಬೇಬಿ ಬೆಟ್ಟದ ಸಿಡಿತದಿಂದ ಕಟ್ಟೆಗೆ ಅಪಾಯವಿದೆ ಎಂದು ರೈತರು ವರ್ಷಗಟ್ಟಲೆ ರಸ್ತೆಯಲ್ಲಿ ಕೂಗಿದರು. 2022ರಲ್ಲಿ ಅಧಿಕಾರಿಗಳು ಪರೀಕ್ಷಾರ್ಥ ಸ್ಫೋಟಕ್ಕೆ ಹೊರಟಾಗಲೂ ರೈತರು ಅಡ್ಡ ನಿಂತರು. 2024ರ ಜನವರಿಯಲ್ಲಿ ಹೈಕೋರ್ಟ್, ಅಣೆಕಟ್ಟೆಯ ಸುರಕ್ಷತೆಯ ಅಧ್ಯಯನ ಮುಗಿಯುವವರೆಗೆ ಸುತ್ತ 20 ಕಿಲೋಮೀಟರಿನೊಳಗೆ ಗಣಿಗಾರಿಕೆ ಬೇಡ ಎಂದಿತು. ಬಸ್ಸಿನಲ್ಲಿ ಕೂತು ಗೊಣಗಿದವರಲ್ಲಿ ಎಷ್ಟೋ ಜನರ ಮನೆಗೂ ಆ ಕಟ್ಟೆಯದೇ ನೀರು ಬರುತ್ತದೆ.

ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯನವರು ಹೀಗೆ ಬೀದಿಯಲ್ಲಿ ಕೂತೇ ಬೆಳೆದ ನಾಯಕ. 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ ವಿಧಾನಸಭೆಗೆ ಹೋದರು. 2018ರ ಫೆಬ್ರುವರಿಯಲ್ಲಿ ತೀರಿಕೊಳ್ಳುವವರೆಗೂ ರೈತ ಸಂಘದವರಾಗಿಯೇ ಉಳಿದರು. ರಸ್ತೆಯ ಮಾತು ಶಾಸನಸಭೆಗೆ ತಲುಪುವ ದಾರಿ ಇಂಥವರಿಂದ ತೆರೆದುಕೊಂಡಿದೆ.

ಎಲ್ಲ ಪ್ರತಿಭಟನೆಯೂ ಒಂದೇ ಅಲ್ಲ, ಇದನ್ನೂ ನೇರವಾಗಿ ಹೇಳಬೇಕು. ಅದೇ 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ತಮಿಳುನಾಡಿನ ನಂಬರಿನ ಗಾಡಿಗಳಿಗೆ ಬೆಂಕಿ ಇಟ್ಟರು. ಒಂದೇ ಡಿಪೋದಲ್ಲಿ ಹತ್ತಾರು ಬಸ್ಸು ಸುಟ್ಟವು. ಗೋಲಿಬಾರಿನಲ್ಲಿ ಜೀವ ಹೋಯಿತು. ಮೆಟ್ರೊ ನಿಂತು, ಬಸ್ಸು ನಿಂತು, ಕೆಲಸಕ್ಕೆ ಹೋದವರು ಹೆದರಿಕೊಂಡು ನಡೆದೇ ಮನೆ ಸೇರಬೇಕಾಯಿತು. ಆ ಬೆಂಕಿಯಿಂದ ಮಂಡ್ಯದ ಗದ್ದೆಗೆ ಒಂದು ತೊಟ್ಟು ನೀರೂ ಬರಲಿಲ್ಲ. ಕಾವೇರಿಯನ್ನೇ ನಂಬಿದ ತಂಜಾವೂರಿನ ರೈತನೂ ತನ್ನ ಊರಿನ ರಸ್ತೆಯಲ್ಲಿ ಕೂತಿದ್ದ. ಸೆಪ್ಟೆಂಬರ್ 16ರಂದು ತಮಿಳುನಾಡೂ ಬಂದ್ ಆಚರಿಸಿತು. ಹೋರಾಟ ನೀರಿಗಾಗಿ. ಡ್ರೈವರನ ಮೇಲೆ, ಪ್ರಯಾಣಿಕನ ಮೇಲೆ ಕೈ ಮಾಡಿದವನನ್ನು ಹೋರಾಟಗಾರ ಎನ್ನಲಾಗದು.

ಈಗ ಬೆಂಗಳೂರಿನಲ್ಲಿ ಪ್ರತಿಭಟನೆಗೆಂದೇ ಒಂದು ಜಾಗ ಗೊತ್ತುಮಾಡಿದ್ದಾರೆ. ಹಿಂದೆ ಸೆಂಟ್ರಲ್ ಜೈಲಾಗಿದ್ದ ಫ್ರೀಡಂ ಪಾರ್ಕು. ಟ್ರಾಫಿಕ್ಕಿನ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ಕೆಲಸ ಮುಗಿಸಿ ಮನೆಗೆ ಹೋಗುವವನ ಕಣ್ಣಿಗೆ ಅಲ್ಲಿ ಕೂತ ಅಂಗನವಾಡಿ ಕಾರ್ಯಕರ್ತೆ ಬೀಳುವುದೇ ಇಲ್ಲ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥವೂ ಮಂಡ್ಯ, ಶ್ರೀರಂಗಪಟ್ಟಣಗಳನ್ನು ಹೊರಗಿನಿಂದಲೇ ಬಳಸಿಕೊಂಡು ಹೋಗುತ್ತದೆ. ಅದೇ ವರ್ಷದ ಸೆಪ್ಟೆಂಬರ್ 23ರಂದು ಮಂಡ್ಯ ಮತ್ತೆ ಬಂದ್ ಆಯಿತು. ಊರೊಳಗೆ ಸಿಟ್ಟಿದ್ದಾಗಲೂ ಬೈಪಾಸಿನಲ್ಲಿ ಹೋಗುವ ಕಾರಿನವನಿಗೆ ಅದರ ಸುಳಿವು ಸಿಗದೆ ಹೋಗಬಹುದು. ನೋಡದವನು ಕೇಳುವುದಿಲ್ಲ, ಕೇಳದವನಿಗೆ ತಿಳಿಯುವುದೂ ಇಲ್ಲ. ಶ್ರೀರಂಗಪಟ್ಟಣದ ಊರೊಳಗಿನ ರಸ್ತೆಯಲ್ಲಿ ನಿಂತ ಕೆಂಪು ಬಸ್ಸಿನ ಪ್ರಯಾಣಿಕನಿಗೆ ಇನ್ನೂ ಆ ಅವಕಾಶವಿದೆ.

ಹಾಗಾಗಿ ಎರಡೂ ಕಡೆಯವರಲ್ಲಿ ಒಂದೊಂದು ಕೋರಿಕೆ. ರಸ್ತೆಯಲ್ಲಿ ಕೂರುವವರು ಆಂಬುಲೆನ್ಸಿಗೆ, ಪರೀಕ್ಷೆಗೆ ಹೊರಟ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಕೇಳುವ ಮೊದಲೇ ದಾರಿ ಬಿಡಲಿ. ಎಷ್ಟು ನೀರು, ಯಾವ ನಾಲೆಗೆ, ಎಷ್ಟು ದಿನಕ್ಕೆ ಎಂಬುದನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ನಿಂತ ಬಸ್ಸಿನೊಳಗೆ ಹಂಚಲಿ. ಇನ್ನು ನಿಮ್ಮಲ್ಲಿ ಯಾರಾದರೂ ಇವತ್ತು ಸಂಜೆ ಅಂಥದೊಂದು ಬಸ್ಸಿನಲ್ಲಿ ಸಿಕ್ಕಿಕೊಂಡರೆ, ಫೋನು ಜೇಬಿಗೆ ಹಾಕಿ ಕೆಳಗಿಳಿಯಿರಿ. ಅಲ್ಲಿ ಕೂತ ಹಿರಿಯರೊಬ್ಬರ ಪಕ್ಕಕ್ಕೆ ಹೋಗಿ, ‘ಯಾಕ್ ಕುಂತಿದ್ದೀರಿ ಅಪ್ಪಾಜಿ?’ ಎಂದು ಕೇಳಿ, ಅವರು ಹೇಳಿ ಮುಗಿಸುವವರೆಗೆ ನಿಲ್ಲಿ.