ಮಿಲಾನಿನ ಸ್ಕಾಲಾ ರಂಗಮಂದಿರ

ಇಟಲಿ ದೇಶದ ಉತ್ತರಭಾಗದಲ್ಲಿ ಮಿಲಾನ್ ಎಂಬ ನಗರವುಂಟು. ಅಲ್ಲಿಯ ಸ್ಕಾಲಾ ರಂಗಮಂದಿರದ ಹೆಸರನ್ನು ಶ್ರೋತೃಗಳಲ್ಲಿ ಕೆಲವರಾದರೂ ಕೇಳಿರಬಹುದು. ಪಾತ್ರಧಾರಿಗಳು ತಮ್ಮ ಮಾತನ್ನೆಲ್ಲ ಬಹುಮಟ್ಟಿಗೆ ವಾದ್ಯವೃಂದದೊಡನೆ ಹಾಡಿಯೇ ಹೇಳುವ ಗೀತನಾಟಕಕ್ಕೆ ಆ ದೇಶದಲ್ಲಿ ಆಪೆರಾ ಎಂದು ಹೆಸರು. ಸ್ಕಾಲಾ ಅದಕ್ಕಾಗಿಯೇ ಕಟ್ಟಿದ ಮಂದಿರ. ಅದರ ವೈಭವವನ್ನು ವರ್ಣಿಸುವುದು ನಮ್ಮ ಉದ್ದೇಶವಲ್ಲ. ಈ ಮಂದಿರವು ಯಾರದು ಎಂಬ ಪ್ರಶ್ನೆಯು ಬಹುಕಾಲ ಆ ನಗರದವರನ್ನು ಕಾಡಿದೆ. ಆ ಎಳೆಯನ್ನು ಹಿಡಿದು ಅದರ ಕಥೆಯನ್ನು ಹೇಳಲೆಳಸುವೆವು.

1776ನೆಯ ಇಸವಿಯಲ್ಲಿ ಮಿಲಾನಿನ ಹಳೆಯ ಅರಮನೆಯ ರಂಗಮಂದಿರವು ಬೆಂಕಿಗೆ ಆಹುತಿಯಾಯಿತು. ಆಗ ಆ ಪ್ರಾಂತವು ಆಸ್ಟ್ರಿಯಾದ ಮಹಾರಾಣಿ ಮರಿಯಾ ತೆರೇಸಾಳ ಆಳ್ವಿಕೆಗೆ ಸೇರಿತ್ತು. ಸುಟ್ಟುಹೋದ ಮಂದಿರದಲ್ಲಿ ಸ್ವಂತ ಕೊಠಡಿಗಳನ್ನು ಹೊಂದಿದ್ದ ಸುಮಾರು ತೊಂಬತ್ತು ಮಂದಿ ಸಿರಿವಂತರು ಹೊಸದೊಂದನ್ನು ಕಟ್ಟಬೇಕೆಂದು ಬಿನ್ನವಿಸಿಕೊಂಡರು. ವೆಚ್ಚವನ್ನೂ ತಾವೇ ವಹಿಸಿದರು. ಸಾಂತಾ ಮರಿಯಾ ಅಲ್ಲಾ ಸ್ಕಾಲಾ ಎಂಬ ಹಳೆಯ ದೇವಾಲಯವನ್ನು ತೆಗೆದು ಆ ನಿವೇಶನದಲ್ಲಿ ಪಿಯರ್ಮರೀನಿ ಎಂಬ ಶಿಲ್ಪಿಯು ಈ ಮಂದಿರವನ್ನು ನಿರ್ಮಿಸಿದನು. ಸ್ಕಾಲಾ ಎಂದರೆ ಇಟಲಿಯ ಭಾಷೆಯಲ್ಲಿ ಮೆಟ್ಟಿಲು. ಆದರೆ ಇಲ್ಲಿ ಮೆಟ್ಟಿಲ ಮಾತೇನೂ ಇಲ್ಲ. ಆ ದೇವಾಲಯವನ್ನು ಕಟ್ಟಿಸಿದ ರಾಣಿಯ ತೌರುಮನೆಯ ಹೆಸರು ಅದು. 1778ನೆಯ ಆಗಸ್ಟ್ 3ರಂದು ಸಾಲಿಯೇರಿಯ ಕೃತಿಯೊಂದರಿಂದ ಪ್ರಾರಂಭೋತ್ಸವವಾಯಿತು.

ಹೀಗೆ ಹಣ ಕೊಟ್ಟವರಿಗೆ ಕೊಠಡಿಗಳು ಮನೆಯಂತೆಯೇ ಸ್ವತ್ತಾದುವು. ಮಾರಬಹುದು, ಬಾಡಿಗೆಗೆ ಕೊಡಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ಅಲ್ಲಿ ಅತಿಥಿಸತ್ಕಾರ, ಭೋಜನ, ಇಸ್ಪೀಟು ಎಲ್ಲವೂ ನಡೆಯುತ್ತಿದ್ದುವು. ಮಂದಿರದಲ್ಲಿ ಜೂಜಿನ ಕೋಣೆಗಳೂ ಇದ್ದುವು, ಅವುಗಳ ಆದಾಯವು ಸಂಗೀತಕ್ಕೆ ಆಧಾರವಾಗಿತ್ತು. ಒಳ್ಳೆಯ ಹಾಡು ಬಂದಾಗ ಮಾತ್ರ ಕಿವಿಗೊಟ್ಟು ಮಿಕ್ಕ ಹೊತ್ತು ಮಾತನಾಡುತ್ತಿದ್ದ ಸಭೆ ಅದು. ಆ ಗದ್ದಲದ ನಡುವೆಯೇ ಬೆಲ್ಲೀನಿಯ 'ನೋರ್ಮಾ' 1831ರಲ್ಲಿ ಇಲ್ಲಿ ಮೊದಲು ಕೇಳಿಬಂದಿತೆಂಬುದನ್ನು ನೆನೆದರೆ ನಮಗೆ ಸೋಜಿಗವಾಗದೆ ಇರದು.

1842ನೆಯ ಮಾರ್ಚ್ 9ರಂದು ವೆರ್ಡಿಯ 'ನಬುಕ್ಕೊ' ಇಲ್ಲಿ ಪ್ರದರ್ಶಿತವಾಯಿತು. ಬಾಬಿಲೋನಿನಲ್ಲಿ ಸೆರೆಯಾದ ಯೆಹೂದ್ಯರು ಕಳೆದುಹೋದ ತಾಯ್ನಾಡನ್ನು ನೆನೆದು ಹಾಡುವ ಮೇಳಗೀತವೊಂದು ಅದರಲ್ಲಿದೆ. ಪರರ ಆಳ್ವಿಕೆಯಲ್ಲಿದ್ದ ಮಿಲಾನಿನವರು ಅದೇ ರಾತ್ರಿ ಆ ಗೀತವನ್ನು ತಮ್ಮದೆಂದು ತಿಳಿದು ಮತ್ತೆ ಹಾಡಿಸಿದರೆಂದು ಬಹುಕಾಲ ಬರೆದುಕೊಂಡು ಬಂದರು. ಈಚಿನ ಸಂಶೋಧಕರು ಅಂದಿನ ಪತ್ರಿಕೆಗಳನ್ನು ಹುಡುಕಿ, ಇದಕ್ಕೆ ಆಧಾರವಿಲ್ಲವೆಂದು ತೋರಿಸಿದ್ದಾರೆ. ಕಥೆಯು ಹುಸಿಯಾದರೂ ಗೀತದ ಬಾಳು ಹುಸಿಯಲ್ಲ. ವರ್ಷಗಳು ಕಳೆದಂತೆ ಜನರು ತಮ್ಮ ನೆನಪನ್ನು ಅದರಲ್ಲಿ ತುಂಬುತ್ತ ಹೋದರು. 1901ರಲ್ಲಿ ವೆರ್ಡಿಯ ಕಳೇಬರವನ್ನು ಆತನೇ ವೃದ್ಧ ಗಾಯಕರಿಗಾಗಿ ಕಟ್ಟಿಸಿದ ಆಶ್ರಮಕ್ಕೆ ಸಾಗಿಸುವಾಗ, ತೊಸ್ಕಾನೀನಿಯ ನೇತೃತ್ವದಲ್ಲಿ ನೂರಾರು ಕಂಠಗಳು ಹಾಡಿದುದು ಇದನ್ನೇ.

ಇದಕ್ಕೆ ಕೆಲವೇ ವರ್ಷಗಳ ಹಿಂದೆ, 1897ರಲ್ಲಿ, ನಗರಸಭೆಯು ಸ್ಕಾಲಾಕ್ಕೆ ಕೊಡುತ್ತಿದ್ದ ಸಹಾಯದ್ರವ್ಯವನ್ನು ನಿಲ್ಲಿಸಿಬಿಟ್ಟಿತು. ಸಿರಿವಂತರ ಕೊಠಡಿಗಳಿಗೆ ಬಡವರ ತೆರಿಗೆಯ ಹಣವೇಕೆ ಎಂಬುದು ಆಕ್ಷೇಪಣೆ. ಇದು ಅನ್ಯಾಯದ ಮಾತೆಂದು ನಾವು ಹೇಳಲಾರೆವು. ಆದರೂ ಬಾಗಿಲು ಮುಚ್ಚಿದಾಗ ಕೆಲಸವಿಲ್ಲದೆ ನಿಂತವರು ವಾದ್ಯಗಾರರು, ಮೇಳದವರು, ಬಡಗಿಗಳು. ಮರುವರ್ಷದ ಡಿಸೆಂಬರಿನಲ್ಲಿ ಶ್ರೀಮಂತನೊಬ್ಬನ ಮುಂದಾಳುತನದಲ್ಲಿ ಮಂದಿರವು ಮತ್ತೆ ತೆರೆಯಿತು. ಮೂವತ್ತೊಂದು ವರ್ಷದ ತೊಸ್ಕಾನೀನಿಯು ಸಂಗೀತ ನಿರ್ದೇಶಕನಾದನು. ಆತನು ಸಭೆಯ ದೀಪಗಳನ್ನು ಆರಿಸಿದನು, ಹಾಡುಗಳನ್ನು ಮರುಕಳಿಸಬಾರದೆಂದು ಕಟ್ಟಪ್ಪಣೆ ಮಾಡಿದನು. ಕತ್ತಲೆಯಲ್ಲಿ ಕೊಠಡಿಯೂ ಗ್ಯಾಲರಿಯೂ ಒಂದೇ ಅಲ್ಲವೆ! ಕೊನೆಗೆ 1920ರ ಸುಮಾರಿನಲ್ಲಿ ಸ್ವಾಯತ್ತ ಸಂಸ್ಥೆಯೊಂದು ಏರ್ಪಟ್ಟು, ಕೊಠಡಿಗಳ ಒಡೆತನವು ಕುಟುಂಬಗಳಿಂದ ಅದರ ಕೈಗೆ ಬಂದಿತು.

ಆ ಒಡೆತನದ ಬೆಲೆಯು ಮಹಾಯುದ್ಧದಲ್ಲಿ ತಿಳಿಯಿತು. 1943ನೆಯ ಆಗಸ್ಟಿನ ನಡುರಾತ್ರಿ ವಿಮಾನಗಳಿಂದ ಬಿದ್ದ ಬಾಂಬುಗಳು ಮಂದಿರದ ಮಾಡನ್ನು ಕೆಡಹಿ ಒಳಗನ್ನು ಹಾಳುಮಾಡಿದುವು. ಯುದ್ಧವು ಮುಗಿದಾಗ ಮಿಲಾನಿನಲ್ಲಿ ಮನೆಗಳಿಲ್ಲ, ಅನ್ನವೂ ಅರೆಹೊಟ್ಟೆಗೆ. ಆದರೂ ಅತಿ ಶೀಘ್ರವಾಗಿ ಎದ್ದು ನಿಂತ ಕಟ್ಟಡಗಳಲ್ಲಿ ಇದೊಂದು. 1946ನೆಯ ಮೇ 11ರಂದು, ಫ್ಯಾಸಿಸ್ಟರೊಡನೆ ಮುನಿದು ದೇಶಾಂತರದಲ್ಲಿದ್ದ ತೊಸ್ಕಾನೀನಿಯು ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಮರಳಿ ಬಂದು ವಾದ್ಯವೃಂದದ ಮುಂದೆ ನಿಂತನು. ಒಳಗೆ ಸ್ಥಳ ದೊರೆಯದ ಜನರು ಹೊರಗಿನ ಚೌಕದಲ್ಲಿ ಧ್ವನಿವರ್ಧಕಗಳ ಕೆಳಗೆ ನೆರೆದು ಕೇಳಿದರು. 'ನಬುಕ್ಕೊ'ವಿನ ಆ ಮೇಳಗೀತವೂ ಅಂದಿನ ಕಾರ್ಯಕ್ರಮದಲ್ಲಿ ಇತ್ತು.

2002ರಿಂದ 2004ರ ವರೆಗೆ ರಂಗದ ಭಾಗವನ್ನು ಮತ್ತೆ ಹೊಸದಾಗಿ ಕಟ್ಟಿದರು; ಪುನಃಪ್ರಾರಂಭಕ್ಕೆ ಆರಿಸಿದುದು 1778ರ ಸಾಲಿಯೇರಿಯ ಕೃತಿಯನ್ನೇ.

ಕೊಠಡಿಗಳ ಸಾಲುಗಳ ಮೇಲೆ, ಮಾಡಿನ ಕೆಳಗೆ, ಕಡಮೆ ಬೆಲೆಯ ಗ್ಯಾಲರಿಯುಂಟು. ಅಲ್ಲಿ ಕುಳಿತು ಕೇಳುವವರಿಗೆ ಲೊಜ್ಜೊನಿಸ್ತಿ ಎಂದು ಹೆಸರು. ಕೃತಿಯ ಸ್ವರ ಸ್ವರವನ್ನೂ ಬಲ್ಲವರು ಅವರಲ್ಲಿ ಬಹುಮಂದಿ, ದಯೆಯೆಂಬುದನ್ನು ಅರಿಯರು. 2006ನೆಯ ಡಿಸೆಂಬರಿನಲ್ಲಿ ವೆರ್ಡಿಯ 'ಆಯಿದಾ' ನಡೆಯುತ್ತಿದ್ದಾಗ ಅವರು ಕೂಗಿ ಹೀಯಾಳಿಸಲು, ಪ್ರಖ್ಯಾತ ಗಾಯಕ ಅಲಾನ್ಯಾ ಮೊದಲನೆಯ ಹಾಡು ಮುಗಿದೊಡನೆ ರಂಗದಿಂದ ಹೊರಟುಹೋದನು. ಬದಲಿ ಗಾಯಕನಿಗೆ ವೇಷ ತೊಡಲೂ ಸಮಯವಿರಲಿಲ್ಲ. ಆತನು ಉಟ್ಟ ನಿತ್ಯದ ಉಡುಪಿನಲ್ಲಿಯೇ ಈಜಿಪ್ಟಿನ ರಾಜಸಭೆಯ ನಡುವೆ ನಿಂತು ಹಾಡನ್ನು ಮುಂದುವರಿಸಿದನು.