ಒಂಟೆಯನ್ನು ನೋಡಿದವರು ತಮ್ಮ ದೇಹವನ್ನೂ ನೋಡಲಿ

(ಶಅಬಾನ್ ತಿಂಗಳ ಜುಮಾ ಖುತ್ಬಾದ ಸಾರಾಂಶ)



ಸೂರಃ ಅಲ್ ಗಾಶಿಯಃದಲ್ಲಿ ಅಲ್ಲಾಹನು ಆಕಾಶ, ಪರ್ವತ, ಭೂಮಿಗಳ ಕಡೆಗೆ ನಮ್ಮ ಗಮನ ಸೆಳೆಯುವ ಮೊದಲು ಒಂಟೆಯ ಕಡೆಗೆ ಸೆಳೆಯುತ್ತಾನೆ. ಅದರ ಸೃಷ್ಟಿಯ ಬಗ್ಗೆ ಯೋಚಿಸಲು ಹೇಳುತ್ತಾನೆ. ಜುಮಾ ನಮಾಝಿನ ಎರಡನೇ ರಕಅತ್‌ನಲ್ಲಿ ಈ ಸೂರಃವನ್ನು ನಾನು ಎಷ್ಟೋ ಸಲ ಓದಿದ್ದೇನೆ, ನೀವು ಕೇಳಿದ್ದೀರಿ. ಆದರೆ ನಮ್ಮಲ್ಲಿ ಎಷ್ಟು ಮಂದಿ ಒಂಟೆಯನ್ನು ನಿಜವಾಗಿ ನೋಡಿದ್ದೇವೆ? ನಾನು ನೋಡಿದ್ದು ಬೀಚಿನಲ್ಲಿ ಮಕ್ಕಳನ್ನು ಹೊತ್ತು ತಿರುಗುವ ಒಂಟೆ. ಪಾಪ, ಮಳೆಯ ಊರಿಗೆ ಬಂದು ಸಿಕ್ಕಿಬಿದ್ದಿದೆ.

ಒಂಟೆ ಡುಬ್ಬದಲ್ಲಿ ನೀರು ತುಂಬಿಕೊಳ್ಳುತ್ತದೆ ಎಂದು ಚಿಕ್ಕವನಿದ್ದಾಗ ನಾನೂ ನಂಬಿದ್ದೆ. ಡುಬ್ಬದಲ್ಲಿರುವುದು ಕೊಬ್ಬು. ಬಾಯಾರಿಕೆ ತಡೆಯುವ ಗುಟ್ಟು ಬೇರೆಯೇ ಇದೆ. 1950ರ ದಶಕದಲ್ಲಿ ಕ್ನೂಟ್ ಶ್ಮಿಟ್-ನೀಲ್ಸನ್ ಎಂಬ ವಿಜ್ಞಾನಿ ಅಲ್ಜೀರಿಯಾದ ಸಹಾರಾ ಮರುಭೂಮಿಗೆ ಹೋಗಿ ಒಂಟೆಗಳ ಮೈಬಿಸಿಯನ್ನು ಅಳೆದು ನೋಡಿದರು. ನೀರು ಸಿಗದ ಒಂಟೆಯ ಮೈ ಮುಂಜಾನೆ ಸುಮಾರು 34 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ, ಮಧ್ಯಾಹ್ನ ಕಳೆಯುವಾಗ 40 ಡಿಗ್ರಿಗೆ ಏರುತ್ತದೆ. ನಮಗೆ ಅಷ್ಟು ಏರಿದರೆ ಜ್ವರ ಎಂದು ಆಸ್ಪತ್ರೆಗೆ ಓಡುತ್ತೇವೆ. ಒಂಟೆಗೆ ಅದು ಉಳಿತಾಯ. ಬೆವರಿ ಮೈ ತಂಪು ಮಾಡಿಕೊಳ್ಳುವ ಬದಲು ಬಿಸಿಯನ್ನು ಮೈಯಲ್ಲೇ ಇಟ್ಟುಕೊಳ್ಳುತ್ತದೆ. ರಾತ್ರಿ ಮರುಭೂಮಿ ತಣ್ಣಗಾದಾಗ ಅದನ್ನು ಹೊರಗೆ ಬಿಡುತ್ತದೆ. ಬೆವರಾಗಿ ಹೋಗಬೇಕಿದ್ದ ನೀರು ಉಳಿಯುತ್ತದೆ. ತನ್ನ ತೂಕದ ಕಾಲುಭಾಗದಷ್ಟು ನೀರು ಕಳೆದುಕೊಂಡರೂ ಅದು ನಡೆಯುತ್ತದೆ. ಬಿಸಿಲಿನಲ್ಲಿ ಮನುಷ್ಯನು ಅದರ ಅರ್ಧ ಕಳೆದುಕೊಂಡರೆ ಜೀವಕ್ಕೇ ಅಪಾಯ. ಬಾವಿ ಸಿಕ್ಕಿದಾಗ ಹತ್ತೇ ನಿಮಿಷದಲ್ಲಿ ನೂರು ಲೀಟರ್‌ನಷ್ಟು ಕುಡಿದುಬಿಡುತ್ತದೆ. ಅಷ್ಟು ನೀರು ಒಮ್ಮೆಲೇ ಒಳಗೆ ಹೋದರೂ ಅದರ ರಕ್ತಕಣಗಳು ಒಡೆಯುವುದಿಲ್ಲ. ಅವು ನಮ್ಮವುಗಳಂತೆ ದುಂಡಗಿಲ್ಲ, ಮೊಟ್ಟೆಯಾಕಾರದವು, ಬಹಳ ಹಿಗ್ಗಬಲ್ಲವು. ಸುಬ್‌ಹಾನಲ್ಲಾಹ್!

ಇದನ್ನು ಓದಿದಾಗ ನನಗೆ ಹೊಳೆದದ್ದು, ಒಂಟೆ ಸಾಲ ಮಾಡುತ್ತದೆ ಎಂಬುದು. ಹಗಲಿನಲ್ಲಿ ಬಿಸಿಯ ಸಾಲ, ದಾರಿಯಲ್ಲಿ ನೀರಿನ ಸಾಲ. ಒಂದನ್ನು ಅದೇ ರಾತ್ರಿ ತೀರಿಸುತ್ತದೆ, ಇನ್ನೊಂದನ್ನು ಬಾವಿ ಸಿಕ್ಕಿದ ದಿನ.

ಮನುಷ್ಯನ ದೇಹಕ್ಕೂ ಅಲ್ಲಾಹನು ಹೊಂದಿಕೊಳ್ಳುವ ಶಕ್ತಿ ಕೊಟ್ಟಿದ್ದಾನೆ. ಹಜ್ಜ್‌ಗೆ ಹೋಗಿ ಬಂದವರಿಗೆ ಗೊತ್ತು, ಮೊದಲ ದಿನಗಳಲ್ಲಿ ಅಲ್ಲಿನ ಬಿಸಿಲು ತಡೆಯಲಾಗುವುದಿಲ್ಲ. ಒಂದೆರಡು ವಾರಗಳಲ್ಲಿ ಬೆವರು ಬೇಗ ಬರತೊಡಗುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ, ರಕ್ತದಲ್ಲಿ ನೀರಿನಂಶ ಹೆಚ್ಚುತ್ತದೆ. ಆದರೆ ಇದಕ್ಕೂ ಮಿತಿ ಇದೆ. 2024ರ ಹಜ್ಜ್‌ನಲ್ಲಿ ಮಕ್ಕಾದ ಬಿಸಿಲು 50 ಡಿಗ್ರಿ ದಾಟಿದಾಗ 1,300ಕ್ಕೂ ಹೆಚ್ಚು ಮಂದಿ ತೀರಿಹೋದರು. ವಯಸ್ಸಾದವರು, ದೀರ್ಘಕಾಲದ ಕಾಯಿಲೆಯವರು ಅವರಲ್ಲಿ ಹಲವರಿದ್ದರು. ಅಲ್ಲಾಹನು ಅವರನ್ನು ಸ್ವೀಕರಿಸಲಿ.

ಬಿಸಿಲಿಗೆ ಹೊಂದಿಕೊಳ್ಳುವಂತೆ ಕಾಯಿಲೆಗೂ ದೇಹ ಹೊಂದಿಕೊಳ್ಳುತ್ತದೆ. ಇದು ಬಹಳ ಮಂದಿಗೆ ಗೊತ್ತಿಲ್ಲ. ನಮ್ಮ ಕುತ್ತಿಗೆಯ ರಕ್ತನಾಳಗಳಲ್ಲಿ ರಕ್ತದ ಒತ್ತಡವನ್ನು ಅಳೆಯುವ ನರತಂತುಗಳಿವೆ. ಬಿ.ಪಿ. ಏರಿದರೆ ಅವು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಆದರೆ ಏರಿದ್ದು ಏರಿಯೇ ಇದ್ದರೆ ಕೆಲವು ಕಾಲದ ನಂತರ ಆ ಏರಿದ ಮಟ್ಟವನ್ನೇ ಸರಿ ಎಂದು ಒಪ್ಪಿಕೊಳ್ಳುತ್ತವೆ. ಇತ್ತ ಹೆಚ್ಚಿದ ಒತ್ತಡದ ಎದುರು ರಕ್ತ ದೂಡಲು ಹೃದಯದ ಗೋಡೆ ದಪ್ಪವಾಗುತ್ತದೆ. ಹಮಾಲಿ ಕೆಲಸ ಮಾಡುವವನ ತೋಳು ದಪ್ಪವಾಗುವಂತೆ. ಮೊದಲಿಗೆ ಅದು ಉಪಕಾರವೇ. ವರ್ಷಗಳು ಕಳೆದಂತೆ ಆ ಗೋಡೆ ಬಿರುಸಾಗಿ ಹೃದಯ ಸೋಲತೊಡಗುತ್ತದೆ. ಕಿಡ್ನಿಯೂ ಹೀಗೆಯೇ. ಒಂದಷ್ಟು ಭಾಗ ಕೆಟ್ಟರೆ ಉಳಿದ ಭಾಗ ದುಪ್ಪಟ್ಟು ದುಡಿದು ಸುದ್ದಿಯನ್ನು ಮುಚ್ಚಿಡುತ್ತದೆ. ಇದು ರಾತ್ರಿ ತೀರುವ ಸಾಲವಲ್ಲ.

ಜಮಾಅತ್‌ನ ಹಿರಿಯರೊಬ್ಬರು ನನ್ನ ಹತ್ತಿರ, “ಉಸ್ತಾದರೇ, ಬಿ.ಪಿ. ಮಾತ್ರೆ ತಿಂದರೆ ತಲೆ ತಿರುಗುತ್ತದೆ, ಬಿಟ್ಟರೆ ಆರಾಮ. ಹಾಗಾಗಿ ಬಿಟ್ಟಿದ್ದೇನೆ” ಎಂದರು. ಈ ಮಾತು ನಾನು ಒಬ್ಬರಿಂದಲ್ಲ, ಹತ್ತು ಮಂದಿಯಿಂದ ಕೇಳಿದ್ದೇನೆ. ದೇಹ ಏರಿದ ಒತ್ತಡಕ್ಕೆ ಒಗ್ಗಿಹೋಗಿರುತ್ತದೆ, ಅದನ್ನು ಇಳಿಸಿದಾಗ ಕೆಲವರಿಗೆ ಕೆಲವು ದಿನ ಹಾಗಾಗುತ್ತದೆ. ತಲೆ ತಿರುಗಿದರೆ ಡಾಕ್ಟರ ಬಳಿ ಹೇಳಿ, ಮಾತ್ರೆ ಬದಲಿಸಿಯಾರು, ಪ್ರಮಾಣ ತಗ್ಗಿಸಿಯಾರು. ನೀವೇ ನಿಲ್ಲಿಸಬೇಡಿ ಹಾಜೀ ಎಂದೆ. ಅವರು ಒಪ್ಪಿದರೋ ಇಲ್ಲವೋ ಎನ್ನುವ ಮೊದಲೇ ಪಾರ್ಶ್ವವಾಯು ಬಡಿಯಿತು. ಈಗ ಕುರ್ಚಿಯಲ್ಲಿ ಕೂತು ನಮಾಝ್ ಮಾಡುತ್ತಾರೆ.

ಇನ್ನೊಬ್ಬರ ಕಥೆ ಹೇಳಿದ ಮೇಲೆ ನನ್ನದನ್ನೂ ಹೇಳಬೇಕು. ನಾಲ್ಕು ವರ್ಷಗಳ ಹಿಂದೆ ನಮ್ಮ ಹುಡುಗರು ಮದ್ರಸಾ ಹಾಲಿನಲ್ಲಿ ಆರೋಗ್ಯ ಶಿಬಿರ ಇಟ್ಟಿದ್ದರು. ನನ್ನನ್ನು ಕರೆದದ್ದು ದುಆ ಮಾಡಲು. ಮುಗಿಸಿ ಹೊರಟವನನ್ನು ಒಬ್ಬ ಹುಡುಗ, “ಉಸ್ತಾದರೇ, ನೀವು ಕೂತರೆ ಉಳಿದವರೂ ಕೂರುತ್ತಾರೆ” ಎಂದು ಕೂರಿಸಿದ. ಬೆರಳು ಚುಚ್ಚಿದರು, 286. ಮೆಷಿನ್ ಸರಿಯಿಲ್ಲ ಎಂದೆ. ಇನ್ನೊಂದು ಬೆರಳು ಚುಚ್ಚಿದರು, 281. ನನಗೆ ಯಾವ ತೊಂದರೆಯೂ ಇರಲಿಲ್ಲ. ರಾತ್ರಿ ಎರಡು ಸಲ ಮೂತ್ರಕ್ಕೆ ಎಚ್ಚರವಾಗುತ್ತಿತ್ತು. ತಹಜ್ಜುದ್‌ಗೆ ಅಲ್ಲಾಹನೇ ಎಬ್ಬಿಸುತ್ತಿದ್ದಾನೆ ಎಂದು ಸಂತೋಷಪಟ್ಟಿದ್ದೆ. ನಿಮ್ಮ ಮೇದೋಜೀರಕ ಗ್ರಂಥಿ ವರ್ಷಗಟ್ಟಲೆ ಹೆಚ್ಚು ಹೆಚ್ಚು ಇನ್ಸುಲಿನ್ ಮಾಡಿ ಸಕ್ಕರೆಯನ್ನು ಹಿಡಿದಿಟ್ಟಿತ್ತು, ಈಗ ದಣಿದಿದೆ ಎಂದು ಡಾಕ್ಟರು ತಿಳಿಸಿದರು.

ಅದರ ಮುಂದಿನ ರಮಝಾನ್. ಒಂದು ದಿನ ಅಸರ್ ಕಳೆದು ಕೈ ನಡುಗಿತು, ಮೈ ಬೆವರಿತು. ನೋಡಿದರೆ ಸಕ್ಕರೆ 62. ಎಪ್ಪತ್ತಕ್ಕಿಂತ ಇಳಿದರೆ ಕೂಡಲೇ ಉಪವಾಸ ಬಿಡಬೇಕು ಎಂದು ಡಾಕ್ಟರು ಮೊದಲೇ ಹೇಳಿದ್ದರು. ನಾನು ಕೋಣೆಯ ಬಾಗಿಲು ಹಾಕಿಕೊಂಡು ಖರ್ಜೂರ ತಿಂದು ನೀರು ಕುಡಿದೆ. ಆ ಬಾಗಿಲು ಯಾಕೆ ಹಾಕಿಕೊಂಡೆ ಎಂಬುದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ರೋಗಿಗೆ ಅಲ್ಲಾಹನು ಸೂರಃ ಅಲ್ ಬಕರಃದಲ್ಲಿ ಕೊಟ್ಟ ರಿಯಾಯಿತಿಯನ್ನು ಕಳ್ಳನ ಹಾಗೆ ಬಳಸಿಕೊಂಡೆ. ಉಸ್ತಾದರೇ ಉಪವಾಸ ಬಿಟ್ಟರು ಎಂದು ಯಾರಾದರೂ ಅಂದಾರು ಎಂಬ ಹೆದರಿಕೆ. ನಾನೇ ಹೀಗೆ ಹೆದರಿದರೆ ಸೊಸೆಯಂದಿರು, ಮೊಮ್ಮಕ್ಕಳ ಎದುರು ನಮ್ಮ ತಾಯಂದಿರು ಎಷ್ಟು ಹೆದರಬಹುದು?

ನನಗಾದರೂ ಕೈ ನಡುಗಿತು. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಪದೇ ಪದೇ ಸಕ್ಕರೆ ಇಳಿಯುತ್ತಿದ್ದರೆ ದೇಹ ಅದಕ್ಕೂ ಒಗ್ಗಿಹೋಗಿ ನಡುಕ, ಬೆವರಿನ ಎಚ್ಚರಿಕೆಯನ್ನೇ ನಿಲ್ಲಿಸಿಬಿಡುತ್ತದೆ. ಏನೂ ಆಗುತ್ತಿಲ್ಲ ಎನ್ನುತ್ತಿರುವಾಗಲೇ ಪ್ರಜ್ಞೆ ತಪ್ಪಬಹುದು. ಅಂಥವರು ರಮಝಾನ್‌ಗೆ ಮೊದಲೇ, ಅಂದರೆ ಈ ವಾರವೇ, ಡಾಕ್ಟರನ್ನು ಕಾಣಬೇಕು. ಉಪವಾಸ ಹಿಡಿಯಬಹುದೇ, ಮಾತ್ರೆಯನ್ನು ಸಹರಿಗೋ ಇಫ್ತಾರ್‌ಗೋ ಎಂದು ಕೇಳಬೇಕು. ಬೆರಳು ಚುಚ್ಚಿ ಸಕ್ಕರೆ ನೋಡಿದರೆ ಉಪವಾಸ ಮುರಿಯುವುದಿಲ್ಲ, ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ. ಬಿಟ್ಟ ಉಪವಾಸವನ್ನು ಗುಣವಾದ ಮೇಲೆ ಹಿಡಿಯಬಹುದು. ಗುಣವಾಗುವ ನಿರೀಕ್ಷೆಯೇ ಇಲ್ಲದವರಿಗೆ ಫಿದ್‌ಯಾ ಇದೆ, ಲೆಕ್ಕ ತಿಳಿಯದಿದ್ದರೆ ನನ್ನನ್ನು ಕೇಳಿ.

“ಎಲ್ಲ ಅಲ್ಲಾಹನ ಮೇಲೆ ಬಿಟ್ಟಿದ್ದೇನೆ” ಎಂದು ಪರೀಕ್ಷೆಗೇ ಬಾರದವರೂ ಇದ್ದಾರೆ. ಒಂಟೆಯನ್ನು ಕಟ್ಟದೆ ಅಲ್ಲಾಹನ ಮೇಲೆ ಭರವಸೆ ಇಡಲೇ ಎಂದು ಕೇಳಿದವರಿಗೆ ಪ್ರವಾದಿ(ಸ) ಮೊದಲು ಕಟ್ಟುವಂತೆ ಹೇಳಿದ್ದು ತಿರ್ಮಿದಿಯಲ್ಲಿದೆ. ಅಲ್ಲಿಯೂ ಒಂಟೆಯೇ!

ಬರುವ ಶುಕ್ರವಾರ ನಮಾಝಿನ ನಂತರ ಮದ್ರಸಾದ ಕೆಳಗಿನ ಕೋಣೆಯಲ್ಲಿ ಬಿ.ಪಿ. ಮತ್ತು ಸಕ್ಕರೆ ಪರೀಕ್ಷೆ ಇದೆ. ಹೆಂಗಸರಿಗೆ ಶನಿವಾರ ಬೆಳಿಗ್ಗೆ ಹತ್ತಕ್ಕೆ, ಪರೀಕ್ಷಿಸುವವರೂ ಹೆಂಗಸರೇ. ಮಾತ್ರೆ ತಿನ್ನುವವರು ಚೀಟಿ ತನ್ನಿ. ಮೊದಲ ಕುರ್ಚಿಯಲ್ಲಿ ನಾನು ಕೂರುತ್ತೇನೆ, ಬಾಗಿಲು ತೆರೆದೇ ಇರುತ್ತದೆ.